ಪರಮಾಣು ಪುಟ್ಟ ಸೌರಮಂಡಲವಲ್ಲ

ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನ ಹೆಗ್ಗುರುತು 1958ರಲ್ಲಿ ನಿಂತ 102 ಮೀಟರ್ ಎತ್ತರದ ಅಟೋಮಿಯಂ. ಅದನ್ನು ಒಂದು ಪರಮಾಣುವಿನ ಮಾದರಿ ಎಂದುಕೊಂಡವರೇ ಹೆಚ್ಚು. ನಿಜಕ್ಕೂ ಅದು 16,500 ಕೋಟಿ ಪಟ್ಟು ಹಿಗ್ಗಿಸಿದ ಕಬ್ಬಿಣದ ಹರಳಿನ ಒಂದು ತುಣುಕು. ಅಲ್ಲಿರುವ ಒಂಬತ್ತು ಗೋಲಗಳಲ್ಲಿ ಒಂದೊಂದೂ ಒಂದೊಂದು ಪರಮಾಣು.

ಇನ್ನು ಪರಮಾಣುವಿನ ಒಳಗೇನಿದೆ? ನಡುವೆ ನ್ಯೂಕ್ಲಿಯಸ್, ಸುತ್ತ ಗ್ರಹಗಳಂತೆ ಎಲೆಕ್ಟ್ರಾನ್‌ಗಳು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ. ರುದರ್‌ಫೋರ್ಡ್ 1911ರಲ್ಲಿ, ಬೋರ್ 1913ರಲ್ಲಿ ಕೊಟ್ಟ ಚಿತ್ರ ಅದು. ತೊಡಕು ಆಗಲೇ ಗೊತ್ತಿತ್ತು: ಸುತ್ತುವ ವಿದ್ಯುದಂಶ ಬೆಳಕು ಸೂಸುತ್ತ ಶಕ್ತಿ ಕಳೆದುಕೊಳ್ಳಬೇಕು, ಸೆಕೆಂಡಿನ ಸುಮಾರು ಹತ್ತು ಸಾವಿರ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕು. ಹಾಗೆ ಬೀಳುವುದಿಲ್ಲ ಎಂದು ಬೋರ್ ನಿಯಮ ಹಾಕಿದರೇ ಹೊರತು ಕಾರಣ ಹೇಳಲಿಲ್ಲ. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಕಕ್ಷೆಯೇ ಹೋಯಿತು. ಎಲೆಕ್ಟ್ರಾನ್ ಎಲ್ಲೆಲ್ಲಿ ಸಿಗಬಹುದು ಎಂಬ ಸಂಭವದ ಹರವು ಉಳಿಯಿತು. ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿರುವ ಹೈಡ್ರೋಜನ್ನಿನ ಎಲೆಕ್ಟ್ರಾನಿಗೆ ನ್ಯೂಕ್ಲಿಯಸ್ಸನ್ನು ಸುತ್ತುವ ಕೋನೀಯ ಸಂವೇಗ ಸೊನ್ನೆ. ಅಂದರೆ ಅದು ಸುತ್ತುವುದೇ ಇಲ್ಲ! ಬೋರ್ ಚಿತ್ರವನ್ನು ಮಕ್ಕಳಿಗೆ ವಿಜ್ಞಾನದ ಇತಿಹಾಸವೆಂದು ಕಲಿಸಬೇಕು, ಇಂದಿನ ಸತ್ಯವೆಂದು ಖಂಡಿತ ಅಲ್ಲ.

"ಪರಮಾಣುವಿನಲ್ಲಿ ಬಹುಪಾಲು ಬರೀ ಖಾಲಿ ಜಾಗ" ಎನ್ನುವುದು ಅರ್ಧ ಸತ್ಯ. ಹೈಡ್ರೋಜನ್ ನ್ಯೂಕ್ಲಿಯಸ್ಸನ್ನು ಒಂದು ಸೆಂಟಿಮೀಟರಿನ ಕಡಲೆಕಾಳು ಎಂದುಕೊಂಡು ದೆಹಲಿಯ ಚಾಣಕ್ಯಪುರಿಯ ನೆಹರು ಪಾರ್ಕಿನ ನಡುವೆ ಇಟ್ಟರೆ, ಪರಮಾಣುವಿನ ಅಗಲ ಸುಮಾರು 600 ಮೀಟರ್. ಎಂಬತ್ತು ಎಕರೆಯ ಆ ಉದ್ಯಾನವನ್ನು ಹೆಚ್ಚುಕಡಿಮೆ ಪೂರ್ತಿ ಆವರಿಸುತ್ತದೆ. ಆದರೆ ಆ ಜಾಗದ ತುಂಬ ಎಲೆಕ್ಟ್ರಾನಿನ ಅಲೆ ಹರಡಿದೆ. ಮೇಜಿನ ಮೇಲಿಟ್ಟ ಕೈ ಒಳಗಿಳಿಯದಿರುವುದಕ್ಕೆ ವಿದ್ಯುತ್ ವಿಕರ್ಷಣೆಯೊಂದೇ ಸಾಲದು. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರಲಾರವು ಎಂಬ ಪೌಲಿ ನಿಯಮ ಬೇಕೇ ಬೇಕು. ವಸ್ತು ಕುಸಿಯದೆ ನಿಲ್ಲುವುದು ಇದರಿಂದಲೇ ಎಂದು ಭೌತವಿಜ್ಞಾನಿಗಳಾದ ಡೈಸನ್ ಮತ್ತು ಲೆನಾರ್ಡ್ 1967ರಲ್ಲಿ ಗಣಿತದಿಂದ ತೋರಿಸಿದರು.

ನ್ಯೂಕ್ಲಿಯಸ್ಸಿನೊಳಗಿನ ಪ್ರೋಟಾನ್ ಎಂದರೆ ಕ್ವಾರ್ಕ್ ಎಂಬ ಮೂರು ಕಣಗಳ ಮೂಟೆ, ಅವುಗಳ ತೂಕವೇ ಇದರ ತೂಕ ಎಂಬ ಲೆಕ್ಕವೂ ತಪ್ಪು. ಮೂರನ್ನೂ ಕೂಡಿದರೆ ಪ್ರೋಟಾನಿನ ದ್ರವ್ಯರಾಶಿಯ ನೂರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಬಹುಮಟ್ಟಿಗೆ ಕ್ವಾರ್ಕ್‌ಗಳ ಚಲನೆಯ ಮತ್ತು ಅವನ್ನು ಬಿಗಿಹಿಡಿದ ಗ್ಲುಆನ್‌ಗಳ ಶಕ್ತಿ. ನಮ್ಮ ಮೈತೂಕವೂ ಬಹುತೇಕ ಅದೇ.

ಪ್ರೋಟಾನಿಗೆ ಅಳಿವಿಲ್ಲ ಎಂಬ ನಂಬಿಕೆಯನ್ನು ಪರೀಕ್ಷೆಗೊಡ್ಡಿದ ಜಾಗ ನಮ್ಮ ಕೋಲಾರದ ಚಿನ್ನದ ಗಣಿ, ಇದನ್ನು ಕನ್ನಡಿಗರು ಮರೆಯಬಾರದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು 1965ರಲ್ಲಿ ಸಿಕ್ಕಿದ್ದೂ ಅಲ್ಲೇ, ಎಂ.ಜಿ.ಕೆ. ಮೆನನ್, ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಮೊದಲಾದವರ ತಂಡಕ್ಕೆ. 1980ರ ದಶಕದಲ್ಲಿ, ವಿಶ್ವಕಿರಣಗಳ ಗದ್ದಲವನ್ನು ಬಂಡೆಗಳು ತಡೆಯುವ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 140 ಟನ್ ತೂಕದ ಉಪಕರಣ ಕೂರಿಸಿ ಅದರ ಕಬ್ಬಿಣದ ಪ್ರೋಟಾನ್ ಯಾವುದಾದರೂ ಒಡೆಯುತ್ತದೆಯೇ ಎಂದು ಕಾದರು. ಅಂಥವೇ ಇರಬಹುದು ಎನ್ನಿಸುವ ಕೆಲವು ಘಟನೆಗಳು ಕಂಡವು, ಬೇರೆಡೆಯ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆಯಲ್ಲಿ 50,000 ಟನ್ ನೀರಿಟ್ಟು ಕಾದರೂ ಇನ್ನೂ ಸಿಕ್ಕಿಲ್ಲ. ಪ್ರೋಟಾನ್ ಒಡೆಯಬಹುದಾದ ಮುಖ್ಯ ದಾರಿಯೊಂದನ್ನು ಹಿಡಿದು ನೋಡಿದರೆ, ಅದರ ಸರಾಸರಿ ಆಯುಷ್ಯ 1ರ ಮುಂದೆ 34 ಸೊನ್ನೆಗಳಷ್ಟು ವರ್ಷಕ್ಕಿಂತ ಹೆಚ್ಚೇ ಇರಬೇಕು.