ಕುಣಿಯೋ ಕುದುರೆಗೆ ಒಲಿಂಪಿಕ್ಸ್‌ನಲ್ಲಿ ಜಾಗ ಬೇಕೆ? ಡ್ರೆಸ್ಸೇಜ್, ವಾಹ್ಯಾಳಿ ಮತ್ತು ನಮ್ಮ ಬಾರಾತ್ ಕುದುರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಂಡಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದುಕೊಳ್ತೀನಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಮಾಳಿಗೆ ಮೇಲೆ ಮಾತ್ರ, ಹಾಗಾಗಿ ಅಲ್ಲೇ ಕೂತು ಮಾತಾಡ್ತಿದ್ದೀನಿ. ಮಧ್ಯೆ ಗಾಳಿ ಸದ್ದು ಬಂದರೆ ಕ್ಷಮಿಸಿ.

ನನ್ನೂರು ದೌಲತಾಬಾದ್. ಮಹಾರಾಷ್ಟ್ರದ ಕೋಟೆಯ ಊರಲ್ಲ, ತೆಲಂಗಾಣದ ತಾಂಡೂರು-ಕೊಡಂಗಲ್ ಕಡೆಯದು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ತಾಂಡೂರು, ಕೊಡಂಗಲ್ ಎರಡೂ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖನಿ. ಹೀಗೆ ಬೆಳೆದವಳು ನಾನು. ಕನ್ನಡ ಸಾಹಿತ್ಯದ ವಿದ್ಯಾರ್ಥಿನಿ ಕುದುರೆ ಸವಾರಿ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ಒಂದು ನಗು.

1. ನಗು ಶುರುವಾದದ್ದು

2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸ್ಸೇಜ್ ತಂಡ ಚಿನ್ನ ಗೆದ್ದಿತು. ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ತಂಡದಲ್ಲಿದ್ದವರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ಬಂದದ್ದು 41 ವರ್ಷದ ಮೇಲೆ. ಆ ವಿಡಿಯೋವನ್ನು ಮನೆಮಂದಿಯೆಲ್ಲ ಸೇರಿ ಮೊಬೈಲ್‌ನಲ್ಲಿ ನೋಡಿದೆವು. ನಮ್ಮ ಮುತ್ಯಾ ಎರಡು ನಿಮಿಷ ಸುಮ್ಮನೆ ನೋಡಿ, "ಇದು ನಮ್ಮ ಬಾರಾತ್ ಕುದುರೀನೇ ಅಲ್ಲೇನವ್ವಾ? ಹಲಗಿ ಒಂದ್ ಕಮ್ಮಿ ಅದ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ.

ಆಮೇಲೆ ಯೋಚನೆ ಮಾಡಿದರೆ, ಮುತ್ಯಾ ಕೇಳಿದ್ದು ಬರೀ ತಮಾಷೆಯಲ್ಲ ಅನ್ನಿಸಿತು. ಜಗತ್ತಿನ ಎಷ್ಟೋ ಮಂದಿ ನಾಲ್ಕು ವರ್ಷಕ್ಕೊಮ್ಮೆ ಕೇಳೋ ಪ್ರಶ್ನೆ ಅದೇ: ಕುದುರೆ ಕುಣಿಯೋದು ಆಟವೇ? ಆಟವಾದರೂ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಜಾಗ ಇರಬೇಕೆ?

2. ಡ್ರೆಸ್ಸೇಜ್ ಅಂದರೇನು

ಈ ಫ್ರೆಂಚ್ ಪದಕ್ಕೆ ಪಳಗಿಸುವುದು, ತರಬೇತಿ ಕೊಡುವುದು ಅಂತ ಅರ್ಥ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ. ಸುತ್ತ ಅಕ್ಷರಗಳ ಗುರುತು. ಯಾವ ಗುರುತಿನ ಹತ್ತಿರ ಯಾವ ನಡೆ ಅನ್ನೋದು ಮೊದಲೇ ನಿಗದಿಯಾಗಿರುತ್ತದೆ. ಪಿಯಾಫ್ ಅಂದರೆ ಕುದುರೆ ಹೆಚ್ಚುಕಡಿಮೆ ನಿಂತಲ್ಲೇ ಕಾಲೆತ್ತಿ ತಾಳಬದ್ಧವಾಗಿ ಹೆಜ್ಜೆ ಹಾಕೋದು. ಪಸಾಜ್ ಅಂದರೆ ಅದೇ ಹೆಜ್ಜೆಯನ್ನು ತೇಲಿದ ಹಾಗೆ ಮುಂದಕ್ಕೆ ಒಯ್ಯೋದು. ಪಿರುಎಟ್‌ನಲ್ಲಿ ಹಿಂಗಾಲು ಇದ್ದಲ್ಲೇ ಇಟ್ಟು ಮೈ ಪೂರ್ತಿ ಸುತ್ತು ಹಾಕುತ್ತದೆ. ಒಲಿಂಪಿಕ್ಸ್‌ನಲ್ಲಿ ಏಳು ಮಂದಿ ತೀರ್ಪುಗಾರರು ಅಂಗಳದ ಸುತ್ತ ಬೇರೆ ಬೇರೆ ಕಡೆ ಕೂತು, ಪ್ರತಿಯೊಂದು ನಡೆಗೂ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಕೊನೆಗೆ ಅದನ್ನು ಶೇಕಡಾಕ್ಕೆ ತರುತ್ತಾರೆ. ಹಾಂಗ್‌ಝೌನಲ್ಲಿ ಅನುಷ್‌ಗೆ 71.088, ಹೃದಯ್‌ಗೆ 69.941, ದಿವ್ಯಕೃತಿಗೆ 68.176. ಮೂರೂ ಕೂಡಿದರೆ 209.205. ಚಿನ್ನ ಬಂದದ್ದು ಈ ಮೊತ್ತಕ್ಕೆ.

3. ಮೂರು ಆಕ್ಷೇಪಣೆಗಳು

ಮೊದಲನೆಯದು, "ಕೆಲಸವೆಲ್ಲ ಕುದುರೇದು, ಸವಾರ ಸುಮ್ಮನೆ ಕೂತಿರ್ತಾನೆ." ಸುಮ್ಮನೆ ಕೂತ ಹಾಗೆ ಕಾಣೋದೇ ಇಲ್ಲಿ ಪರೀಕ್ಷೆ. ಸೊಂಟದ ಭಾರ, ಪಕ್ಕೆಗೆ ತಾಗೋ ಕಾಲು, ವಾಘೆ ಹಿಡಿದ ಬೆರಳು ಈ ಮೂರರಲ್ಲೇ ಸವಾರ ಮಾತಾಡಬೇಕು. ನೋಡೋರಿಗೆ ಆ ಮಾತು ಕಾಣಬಾರದು. ಇದಕ್ಕೆ ವಯಸ್ಸು ಅಡ್ಡ ಬರೋದಿಲ್ಲ. ಜಪಾನಿನ ಹಿರೋಶಿ ಹೊಕೆಟ್ಸು 2012ರ ಲಂಡನ್‌ನಲ್ಲಿ ಸ್ಪರ್ಧಿಸಿದಾಗ 71 ವರ್ಷದವರು. ಗಂಡು ಹೆಣ್ಣು ಒಂದೇ ಪದಕಕ್ಕೆ ಸ್ಪರ್ಧಿಸುತ್ತಾರೆ. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿಯಲ್ಲಿ ಬೆಳ್ಳಿ ಗೆದ್ದರು. ಕುದುರೆ ಹತ್ತಲು, ಇಳಿಯಲು ಅವರಿಗೆ ಇನ್ನೊಬ್ಬರ ನೆರವು ಬೇಕಿತ್ತು. ಮೇಲೆ ಕೂತ ಮೇಲೆ ಬೇಕಿರಲಿಲ್ಲ. ಇದು ಆಟವಲ್ಲ ಅನ್ನೋರು ಆಟ ಅಂದರೆ ಬರೀ ಓಟ ಅಂತ ತಿಳಿದಿದ್ದಾರೆ.

ಎರಡನೆಯದು, "ತೀರ್ಪುಗಾರರ ಮರ್ಜಿ." ಇದರಲ್ಲಿ ಹುರುಳಿದೆ. 1956ರಲ್ಲಿ ಜರ್ಮನಿ ಮತ್ತು ಸ್ವೀಡನ್ನಿನ ತೀರ್ಪುಗಾರರು ತಮ್ಮ ತಮ್ಮ ದೇಶದವರನ್ನೇ ಮೇಲಿಟ್ಟು ದೊಡ್ಡ ಗಲಾಟೆಯಾಯಿತು. 1960ರ ರೋಮ್‌ನಲ್ಲಿ ತಂಡ ಸ್ಪರ್ಧೆಯೇ ಇರಲಿಲ್ಲ. ಆದರೆ ಜಿಮ್ನಾಸ್ಟಿಕ್ಸ್, ಡೈವಿಂಗ್‌ನಲ್ಲೂ ಅಂಕ ಕೊಡೋದು ಮನುಷ್ಯರೇ. ಅವನ್ನು ತೆಗೀರಿ ಅಂತ ಯಾರೂ ಹೇಳೋದಿಲ್ಲ.

ಮೂರನೆಯದು, "ಇದು ಶ್ರೀಮಂತರ ಶೋಕಿ." ಇದು ಇನ್ನೂ ನಿಜ. 1912ರ ಸ್ಟಾಕ್‌ಹೋಮ್‌ನಲ್ಲಿ ಡ್ರೆಸ್ಸೇಜ್ ಒಲಿಂಪಿಕ್ಸ್‌ಗೆ ಬಂದಾಗ ಅದು ಸೈನ್ಯಾಧಿಕಾರಿಗಳ ಸ್ವತ್ತಾಗಿತ್ತು. 1948ರ ಲಂಡನ್‌ನಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತು. ಆ ತಂಡದ ಯೇನಾಲ್ ಪೆರ್ಸನ್ ಅಧಿಕಾರಿಯಲ್ಲ, ಬರೀ ಸಾರ್ಜೆಂಟ್ ಅಂತ ಗೊತ್ತಾದ ಮೇಲೆ ಪದಕ ವಾಪಸ್ ಪಡೆದರು. ಸವಾರಿ ಕೆಟ್ಟದ್ದಿತ್ತು ಅಂತ ಅಲ್ಲ, ಹುದ್ದೆ ಸಣ್ಣದಿತ್ತು ಅಂತ! 1952ರಲ್ಲಿ ಮಹಿಳೆಯರಿಗೂ ಸಾಮಾನ್ಯರಿಗೂ ಬಾಗಿಲು ತೆರೆದಾಗ ಅದೇ ಪೆರ್ಸನ್ ತಂಡದೊಂದಿಗೆ ಬಂದು ಚಿನ್ನ ಗೆದ್ದರು. ಇವತ್ತು ಹುದ್ದೆಯ ಬೇಲಿ ಇಲ್ಲ, ದುಡ್ಡಿನ ಬೇಲಿ ಇದೆ. ಕೋಲ್ಕತ್ತದ ಅನುಷ್ ಹದಿಹರೆಯದಲ್ಲೇ ಜರ್ಮನಿಗೆ ಹೋಗಿ ಕಲಿಯಬೇಕಾಯಿತು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಅವರೂ ಯುರೋಪಿನಲ್ಲೇ ಇದ್ದು ತಯಾರಾದವರು. (ಈವೆಂಟಿಂಗ್‌ನ ಮೊದಲ ಹಂತವೂ ಡ್ರೆಸ್ಸೇಜೇ.) ಇದು ಆಟ ಎಲ್ಲರಿಗೂ ದಕ್ಕಬೇಕು ಅನ್ನೋದಕ್ಕೆ ಕಾರಣ. ಆಟವೇ ಬೇಡ ಅನ್ನೋದಕ್ಕೆ ಕಾರಣ ಅಲ್ಲ.

ಹಾಗಾದರೆ ಮೂರಕ್ಕೂ ಉತ್ತರ ಸಿಕ್ಕಿತು, ಮಾತು ಮುಗೀತು ಅನ್ನಬಹುದಿತ್ತು. ನಾಲ್ಕನೆಯದೊಂದಿದೆ. ಅದಕ್ಕೆ ಹೋಗೋ ಮುಂಚೆ ನಮ್ಮ ಹಳೆಯ ಪುಸ್ತಕಗಳ ಕಡೆ ಒಂದು ಸುತ್ತು ಹೋಗಿ ಬರೋಣ.

4. ವಾಹ್ಯಾಳಿ

ಜಹೀರಾಬಾದಿನಿಂದ ಹುಮನಾಬಾದಿನ ದಾರಿ ಹಿಡಿದು ಮುಂದೆ ಹೋದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ ವಿನೋದಗಳಿಗೇ ಒಂದು ದೊಡ್ಡ ಭಾಗವಿದೆ. ಅದರೊಳಗೆ ಆನೆಯ ವಾಹ್ಯಾಳಿ, ಕುದುರೆಯ ವಾಹ್ಯಾಳಿ ಬರುತ್ತವೆ. ಕುದುರೆ ಮೇಲೆ ಕೂತು ಚೆಂಡಾಡೋ ಆಟವೂ ಅಲ್ಲಿದೆ. ಹಳಗನ್ನಡ, ನಡುಗನ್ನಡ ಓದುವವರಿಗೆ ವಾಹ್ಯಾಳಿ, ವೈಹಾಳಿ ಎಂಬ ಪದ ಹೊಸದಲ್ಲ. ಅರಸರು ಕುದುರೆ ಏರಿ ವಿಹರಿಸೋದು, ಕುದುರೆ ಆಡಿಸೋದು, ಹಾಗೆ ಆಡಿಸೋ ಬಯಲು ಎಲ್ಲಕ್ಕೂ ಆ ಪದ ಸಲ್ಲುತ್ತದೆ. ಕುದುರೆಯ ಐದು ನಡೆಗಳಿಗೆ 'ಧಾರೆ' ಎಂದು ಹೆಸರು. ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಅಂತ ಅಮರಕೋಶ ಪಟ್ಟಿ ಕೊಡುತ್ತದೆ. ಅಂದರೆ ನಡೆಯನ್ನು ಬಿಡಿಸಿ, ಹೆಸರಿಟ್ಟು, ನೋಡಿ ಮೆಚ್ಚೋ ಪದ್ಧತಿ ನಮ್ಮಲ್ಲಿ ಹಳೆಯದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕುದುರೆ ಬಗ್ಗೆ ಕನ್ನಡದಲ್ಲಿ ಬಂದ ಶಾಸ್ತ್ರಗಳಲ್ಲಿ ಅಭಿನವಚಂದ್ರನ ಗ್ರಂಥದ ಹೆಸರು 'ಅಶ್ವವೈದ್ಯ'. 17ನೇ ಶತಮಾನದಲ್ಲಿ ಪದ್ಮಣಪಂಡಿತ 'ಹಯಸಾರಸಮುಚ್ಚಯ' ಬರೆದ. ಅಶ್ವಶಾಸ್ತ್ರದ ಪರಂಪರೆಯಲ್ಲಿ ಸವಾರಿಯ ಪಕ್ಕದಲ್ಲೇ ವೈದ್ಯ ಇದೆ. ಕುದುರೆ ಏರೋನಿಗೆ ಅದಕ್ಕೆಲ್ಲಿ ನೋಯುತ್ತದೆ ಅನ್ನೋದೂ ಗೊತ್ತಿರಬೇಕು ಅಂತ ಇದರ ಅರ್ಥ ಅಂದುಕೊಳ್ತೀನಿ.

5. ನಾಲ್ಕನೆಯ ಆಕ್ಷೇಪಣೆ

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಕೆಲವು ವರ್ಷದ ಹಿಂದೆ ನಮ್ಮ ಬಳಗದ ಒಂದು ಮದುವೆ. ಬಾಡಿಗೆಗೆ ತಂದ ಬಿಳಿ ಕುದುರೆ, ಮೇಲೆ ಮದುಮಗ, ಮುಂದೆ ಹಲಗಿ. ಕುದುರೆ ಮುಂಗಾಲು ಎತ್ತಿ ಎತ್ತಿ ಕುಣಿಯುತ್ತಿತ್ತು. "ಇನ್ನಾ ಜೋರ್! ಇನ್ನಾ ಜೋರ್!" ಅಂತ ಹಲಗಿಯವರಿಗೆ ಕೂಗಿದವರಲ್ಲಿ ನಾನೂ ಒಬ್ಬಳು. ಬಾರಾತ್ ಮುಗಿದ ಮೇಲೆ ಹತ್ತಿರ ಹೋಗಿ ಮೂತಿ ಸವರಿದೆ. ಅಂಗೈಗೆ ನೊರೆ ಹತ್ತಿತು, ನೊರೆಯಲ್ಲಿ ಕೆಂಪು ಇತ್ತು. ಕಡಿವಾಣ ಬಾಯಿಯ ಮೂಲೆಯನ್ನು ಕೊಯ್ದಿತ್ತು. ನಾನು ಕುಣಿತ ಅಂದುಕೊಂಡಿದ್ದರಲ್ಲಿ ನೋವು ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ. ಕೇಳಿದರೆ ಅದು ಹೇಳೋದೂ ಇಲ್ಲ.

ನಾಲ್ಕನೆಯ ಆಕ್ಷೇಪಣೆ ಇದೇ. ಎಲ್ಲ ಆಟಗಾರರೂ ಒಪ್ಪಿ ಅಂಗಳಕ್ಕೆ ಇಳೀತಾರೆ. ಇಲ್ಲಿ ಇಬ್ಬರು ಆಟಗಾರರಲ್ಲಿ ಒಬ್ಬರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ.

ಇದು ಬಡವರ ಬಾರಾತಿನ ಸಮಸ್ಯೆ ಮಾತ್ರ ಅಲ್ಲ. 2010ರ ವಿಶ್ವ ಕುದುರೆ ಸವಾರಿ ಕ್ರೀಡಾಕೂಟದಲ್ಲಿ ನೆದರ್‌ಲೆಂಡ್ಸ್‌ನ ಅಡೆಲಿಂಡೆ ಕಾರ್ನೆಲಿಸೆನ್ ಅವರ ಕುದುರೆಯ ಬಾಯಲ್ಲಿ ರಕ್ತ ಕಂಡು ಅವರನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಅದೇ ವರ್ಷ ಕುದುರೆಯ ಕತ್ತನ್ನು ಬಲವಂತವಾಗಿ ಎದೆಯ ಕಡೆ ಬಗ್ಗಿಸೋ 'ರೋಲ್‌ಕರ್' ವಿಧಾನವನ್ನು ಅಂತರರಾಷ್ಟ್ರೀಯ ಒಕ್ಕೂಟ ಒಪ್ಪತಕ್ಕದ್ದಲ್ಲ ಅಂದಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೆಲವೇ ದಿನ ಇದ್ದಾಗ, ಆರು ಒಲಿಂಪಿಕ್ ಪದಕ ಗೆದ್ದಿದ್ದ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಹಿಂದೆ ಸರಿದರು. ತರಬೇತಿಯ ವೇಳೆ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿಯಿಂದ ಹೊಡೆದ ಹಳೆಯ ವಿಡಿಯೋ ಹೊರಬಂದಿತ್ತು. ಅವರಿಗೆ ಒಂದು ವರ್ಷ ನಿಷೇಧವಾಯಿತು. ಅದೇ ಪ್ಯಾರಿಸ್‌ನಲ್ಲಿ ಅನುಷ್ ಅಗರ್‌ವಾಲಾ ಒಲಿಂಪಿಕ್ಸ್ ಡ್ರೆಸ್ಸೇಜ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು. ಬಂದ ಅಂಕ 66.444, ಮುಂದಿನ ಸುತ್ತಿಗೆ ಹೋಗಲಾಗಲಿಲ್ಲ. ಒಂದೇ ವಾರದಲ್ಲಿ ಹೆಮ್ಮೆ, ನಾಚಿಕೆ ಎರಡೂ ಬಂದವು.

ಮಾಡರ್ನ್ ಪೆಂಟಾಥ್ಲಾನ್ ಕಥೆಯನ್ನೂ ನೋಡಿ. ಅಲ್ಲಿ ಸ್ಪರ್ಧಿಗೆ ಚೀಟಿ ಎತ್ತಿ ಗುರುತೇ ಇಲ್ಲದ ಕುದುರೆ ಕೊಡುತ್ತಿದ್ದರು, ಪರಿಚಯಕ್ಕೆ 20 ನಿಮಿಷ. ಟೋಕಿಯೋದಲ್ಲಿ ಜರ್ಮನಿಯ ಅನಿಕಾ ಶ್ಲೋಯ್ ಅವರ ಪಾಲಿಗೆ ಬಂದ ಸೇಂಟ್ ಬಾಯ್ ಎಂಬ ಕುದುರೆ ಬೆದರಿ ಹಟ ಹಿಡಿಯಿತು. ಸವಾರಳು ಅಳುತ್ತಾ ಹೊಡೆದದ್ದನ್ನು, ಕೋಚ್ ಮುಷ್ಟಿಯಿಂದ ಗುದ್ದಿದ್ದನ್ನು ಜಗತ್ತು ನೋಡಿತು. ಆ ಆಟದಿಂದ ಸವಾರಿಯನ್ನೇ ತೆಗೆದಿದ್ದಾರೆ. 2028ರಿಂದ ಅದರ ಜಾಗದಲ್ಲಿ ಅಡೆತಡೆ ಓಟ ಇರುತ್ತದೆ.

6. ನನ್ನ ನಿಲುವು

ಡ್ರೆಸ್ಸೇಜ್ ಇರಲಿ ಅನ್ನೋಳು ನಾನು. ಪೆಂಟಾಥ್ಲಾನ್‌ನಲ್ಲಿ ಕುದುರೆ ಒಂದು ಸಾಮಾನಾಗಿತ್ತು. ಡ್ರೆಸ್ಸೇಜ್‌ನಲ್ಲಿ ಅದು ಜೊತೆಗಾರ. ಎಂಟು ವರ್ಷ ತುಂಬದ ಕುದುರೆಯನ್ನು ಒಲಿಂಪಿಕ್ಸ್‌ಗೆ ಬಿಡೋದಿಲ್ಲ. ಆ ಮಟ್ಟದ ನಡೆಗಳನ್ನು ಕಲಿಸೋಕೆ ವರ್ಷಗಟ್ಟಲೆ ಒಟ್ಟಿಗಿರಬೇಕು. ಈ ಆಟದ ನಿಯಮಗಳಲ್ಲೇ ಒಂದು ಆದರ್ಶ ಇದೆ: ಕುದುರೆ ಸಂತೋಷದಿಂದ, ತಾನಾಗಿಯೇ ಮಾಡಿದ ಹಾಗಿರಬೇಕು. ಬಾಲ ಬಡಿದರೆ, ಬಾಯಿ ತೆರೆದರೆ, ಬಿಗಿದುಕೊಂಡರೆ ಅಂಕ ಕಡಿಯಬೇಕು. ಅಂದರೆ ಕುದುರೆಯ 'ಒಲ್ಲೆ' ಅನ್ನೋ ಮಾತನ್ನು ಓದಿ ಅಂಕಕ್ಕೆ ತರಬೇಕಾದ ಆಟ ಇದು. ಅದನ್ನು ನಿಜವಾಗಿ ಓದಿದರೆ ಡ್ರೆಸ್ಸೇಜ್‌ಗೆ ಒಲಿಂಪಿಕ್ಸ್‌ನಲ್ಲಿ ಹಕ್ಕಿನ ಜಾಗ ಇದೆ. ಕಾಲು ಎಷ್ಟು ಎತ್ತರಕ್ಕೆ ಹೋಯಿತು ಅಂತ ನೋಡಿ, ಬಾಯಿ ಕಡೆ ನೋಡದೆ ಅಂಕ ಕೊಟ್ಟರೆ ಅದೂ ಬಾರಾತೇ. ಹಲಗಿ ಒಂದು ಕಮ್ಮಿ ಅಷ್ಟೇ.

7. ಚರ್ಚೆಯಿಂದ

ಗೋಷ್ಠಿಯ ಕೊನೆಗೆ ಒಬ್ಬರು ಕೇಳಿದರು: "ಹಾಗಾದರೆ ಬಾರಾತ್ ಕುದುರೆಯವರನ್ನು ನೀವು ತಪ್ಪಿತಸ್ಥರು ಮಾಡಿದಂತಾಗಲಿಲ್ಲವೇ? ಅವರ ಹೊಟ್ಟೆಪಾಡಲ್ಲವೇ ಅದು?"

ಒಳ್ಳೆಯ ಪ್ರಶ್ನೆ ಸರ್. ನಮ್ಮೂರ ಕಡೆ ಕುದುರೆ ಸಾಕಿದ ಒಬ್ಬ ಚಾಚಾ ಇದ್ದಾರೆ. ಆ ಮದುವೆ ಕುದುರೆ ಅವರದ್ದಲ್ಲ. ಈ ಪ್ರಬಂಧ ಬರೆಯುವಾಗ ಅವರ ಹತ್ತಿರ ಹೋಗಿ, ಕುಣಿಯೋದು ಹೇಗೆ ಕಲಿಸ್ತೀರಿ ಅಂತ ಕೇಳಿದೆ. "ಮೊದಲ ಆರು ತಿಂಗಳ ಏನೂ ಕಲಸಂಗಿಲ್ಲಮ್ಮಾ, ಬರೀ ಜೋಡೀಲೆ ಅಡ್ಡಾಡತೀನಿ. ಅದಕ್ಕ ಮನಸಿಲ್ಲಂದ್ರ ಆ ದಿನ ಕುಣಿಯಂಗಿಲ್ಲ. ನಾ ಬಾರಾತ್ ಬಿಟ್ಟೀನಿ, ರೊಕ್ಕಾ ಬಿಟ್ಟೀನಿ, ಖರೇ ಹೊಡದಿಲ್ಲ" ಅಂದರು. ಅವರ ಕುದುರೆಯ ಬಾಯಿ ನೋಡಿದೆ. ಮೂಲೆಯಲ್ಲಿ ಗಾಯದ ಗುರುತಿರಲಿಲ್ಲ.

ಹಾಗಾಗಿ ನಾನು ಗೆರೆ ಎಳೆಯೋದು ಒಲಿಂಪಿಕ್ಸ್‌ಗೂ ಬಾರಾತಿಗೂ ನಡುವೆ ಅಲ್ಲ. 'ಒಲ್ಲೆ' ಅಂದಾಗ ನಿಲ್ಲಿಸೋರಿಗೂ ನಿಲ್ಲಿಸದೋರಿಗೂ ನಡುವೆ. "ಇನ್ನಾ ಜೋರ್" ಅಂತ ಕೂಗೋ ನಮಗೂ ಅದರಲ್ಲಿ ಪಾಲಿದೆ. ಮೊನ್ನೆ ಮುತ್ಯಾನಿಗೆ ಇದನ್ನೆಲ್ಲ ಓದಿ ಹೇಳಿದೆ. ಕೇಳಿಸಿಕೊಂಡು, "ಹಂಗಾದ್ರ ಮಾರ್ಕ್ಸ್ ಕುದುರಿ ಕಡಿಂದ ಹಾಕಸ್ರಿ" ಅಂದ. ಈ ಸಲ ನಾನು ನಗಲಿಲ್ಲ.