ಪಿಯರ್ ಎಂದರೆ ದಕ್ಕೆಯೋ, ಕಂಬವೋ?

ಕಳೆದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಶಬ್ದಗಳ ಕನ್ನಡ ಅರ್ಥ ಬರೆಯಲು ಕೊಟ್ಟಿದ್ದೆವು. ಅದರಲ್ಲಿ ‘ಪಿಯರ್’ ಎಂಬುದೂ ಒಂದು. ಹುಡುಗನೊಬ್ಬ ‘ಸೇತುವೆಯ ಕಂಬ’ ಎಂದು ಬರೆದಿದ್ದ. ನಾವು ಕೆಂಪು ಶಾಯಿಯಲ್ಲಿ ಗೀಟೆಳೆದು, ‘ದಕ್ಕೆ’ ಎಂದು ತಿದ್ದಿ, ಅರ್ಧ ಅಂಕ ಕಳೆದೆವು. ಉತ್ತರಪತ್ರಿಕೆ ಕೈಸೇರಿದ ದಿನ ಅವನು ಮೇಜಿನ ಬಳಿ ಬಂದು, “ಸಾರ್, ಹೈವೇ ಕೆಲಸದವರು ಮೇಲ್ಸೇತುವೆಯ ಕಂಬಕ್ಕೆ ಪಿಯರ್ ಅಂತಲೇ ಹೇಳುವುದು. ಪಿ ಒಂದು, ಪಿ ಎರಡು ಅಂತ ಅದರ ಮೇಲೆ ನಂಬರು ಸಹ ಬರೆದಿದ್ದಾರೆ” ಎಂದ. ಕೆಲಸದವರ ಇಂಗ್ಲಿಷ್ ಪರೀಕ್ಷೆಗೆ ಆಗುವುದಿಲ್ಲವೆಂದು ಹೇಳಿ ಕಳುಹಿಸಿಬಿಟ್ಟೆವು. ಸಂಜೆ ಮನೆಯಲ್ಲಿ ದೊಡ್ಡ ನಿಘಂಟು ಬಿಡಿಸಿದಾಗ ತಪ್ಪು ಯಾರದೆಂದು ತಿಳಿಯಿತು.

ಆ ಶಬ್ದದ ಮೊದಲ ಅರ್ಥವೇ ಸೇತುವೆಯ ಕಂಬ. ಮಧ್ಯಯುಗದ ಲ್ಯಾಟಿನ್ನಿನ ‘ಪೆರಾ’ ಎಂಬುದರಿಂದ ಅದು ಇಂಗ್ಲಿಷಿಗೆ ಬಂದದ್ದು. ಕಡಲಿನ ಅರ್ಥ ಅಂಟಿಕೊಂಡದ್ದು ಆಮೇಲೆ. ಸೇತುವೆಯ ಎರಡು ತುದಿಗಳಲ್ಲಿ ದಡಕ್ಕೆ ಆತುಕೊಂಡ ಕಟ್ಟೆಗಳಿಗೆ ಬೇರೆ ಹೆಸರಿದೆ. ನಡುವೆ ನೀರಿನಲ್ಲಿ ನಿಂತು ಭಾರ ಹೊರುವವು ಮಾತ್ರ ಪಿಯರ್‌ಗಳು. ಹಳೆಯ ಕಲ್ಲು ಸೇತುವೆಗಳಲ್ಲಿ ಕಂಬದ ಮೇಲ್ಹೊಳೆಯ ಬದಿಯನ್ನು ದೋಣಿಯ ಮೂತಿಯಂತೆ ಚೂಪಾಗಿ ಕಟ್ಟಿರುವುದನ್ನು ವಾಚಕರು ಕಂಡಿರಬಹುದು. ನೀರನ್ನು ಸೀಳಿ ಎರಡು ಬದಿಗೆ ಕಳುಹಿಸುವ ಉಪಾಯ ಅದು. ನೆರೆಯಲ್ಲಿ ಸೇತುವೆಗೆ ನಿಜವಾದ ಅಪಾಯ ಬರುವುದು ಕಣ್ಣಿಗೆ ಕಾಣದ ಕಡೆಯಿಂದ, ಕಂಬದ ಬುಡದ ಮರಳನ್ನು ನೀರು ಕೊರೆದೊಯ್ಯುವುದರಿಂದ.

ಇನ್ನು ಕಡಲಿನ ಪಿಯರ್. ದಡದಿಂದ ನೇರ ಸಮುದ್ರದೊಳಕ್ಕೆ ಚಾಚಿದ, ಸಾಮಾನ್ಯವಾಗಿ ಸಾಲುಗಂಬಗಳ ಮೇಲೆ ನಿಂತ ಕಟ್ಟೋಣ ಇದು. ಕಂಬಗಳ ನಡುವೆ ಅಲೆಯೂ ಮರಳೂ ಹಾದುಹೋಗುತ್ತವೆ. ಹಡಗು ದಡದ ತನಕ ಬರಲಾಗದ ಆಳವಿಲ್ಲದ ಕಡಲಿಗೆ ಇಂತಹುದು ಬೇಕಾಗುತ್ತಿತ್ತು. ನಮ್ಮ ಕರಾವಳಿಯಲ್ಲೇ ಆಲಪ್ಪುಳದಲ್ಲಿ 1862ರಲ್ಲಿ, ತಲಶ್ಶೇರಿಯಲ್ಲಿ 1910ರಲ್ಲಿ ಇವನ್ನು ಕಟ್ಟಿದರು. ತಿರುವನಂತಪುರದ ವಲಿಯತುರದಲ್ಲಿದ್ದ ಕಬ್ಬಿಣದ ಪಿಯರ್ 1947ರಲ್ಲಿ ಹಡಗು ಬಡಿದು ಮುರಿಯಿತು. 1956ರಲ್ಲಿ ಬೇರೆ ಕಟ್ಟಿದರು. ಅದನ್ನೂ 2024ರಲ್ಲಿ ಕಡಲು ಎರಡು ತುಂಡು ಮಾಡಿತು.

ಮಲಯಾಳಿಗಳು ಇದನ್ನು ‘ಕಡಲ್‌ಪಾಲಂ’ ಎನ್ನುತ್ತಾರೆ. ಅಂದರೆ ಕಡಲ ಸೇತುವೆ, ಆಚೆ ದಡ ಮುಟ್ಟದ ಸೇತುವೆ! ಇಂಗ್ಲಿಷರ ಎರಡು ಅರ್ಥಗಳೂ ಆ ಒಂದೇ ಮಾತಿನಲ್ಲಿ ಕೈಕೈ ಹಿಡಿದುಕೊಂಡಿವೆ. ನಾವು ತಿದ್ದಿ ಬರೆದ ‘ದಕ್ಕೆ’ಯಾದರೋ ಪೂರ್ತಿ ಸರಿಯಲ್ಲ. ಮಂಗಳೂರಿನ ದಕ್ಕೆ ದಡದುದ್ದಕ್ಕೂ ಇದೆ, ನೀರಿನೊಳಕ್ಕೆ ಚಾಚಿಲ್ಲ, ಅದು ‘ವಾರ್ಫ್’.

ಇಂಗ್ಲೆಂಡಿನಲ್ಲಿ ಪಿಯರ್ ಎಂದೊಡನೆ ಜನರಿಗೆ ನೆನಪಾಗುವುದು ಸರಕಲ್ಲ, ರಜೆಯ ತಿರುಗಾಟ. ಬ್ರೈಟನ್ನಿನಲ್ಲಿ 1823ರಲ್ಲಿ ಸರಪಣಿಗಳಿಂದ ತೂಗುಹಾಕಿದ ಪಿಯರ್ ತೆರೆಯಿತು, 1896ರ ಬಿರುಗಾಳಿ ಅದನ್ನು ಕೊಂಡೊಯ್ದಿತು. ಸೌತೆಂಡಿನದು ಎರಡು ಕಿಲೋಮೀಟರಿಗಿಂತಲೂ ಉದ್ದ. ಅದರ ಮೇಲೆ ಪುಟ್ಟ ರೈಲೇ ಓಡುತ್ತದೆ. ಇಳಿತದ ಹೊತ್ತಿಗೆ ಅಲ್ಲಿ ಕಡಲು ಬಹುದೂರ ಸರಿದು ಬರೇ ಕೆಸರು ಉಳಿಯುವುದರಿಂದ ಅಷ್ಟು ಉದ್ದ ಬೇಕಾಯಿತು.

ಶಬ್ದ ಮನೆಯೊಳಕ್ಕೂ ಬಂದಿದೆ. ಎರಡು ಕಿಟಕಿಗಳ ನಡುವಿನ ಗೋಡೆಯ ತುಂಡೂ ಮೇಲಿನ ಭಾರ ಹೊರುತ್ತದೆಯಷ್ಟೆ, ಅದೂ ಪಿಯರ್. ಅಲ್ಲಿ ತೂಗುಹಾಕುವ ಎತ್ತರದ ಕನ್ನಡಿ ‘ಪಿಯರ್ ಗ್ಲಾಸ್’. ಇದೇ ಉಚ್ಚಾರದ ಇನ್ನೊಂದು ಶಬ್ದಕ್ಕೆ ಸರೀಕ, ಇಂಗ್ಲೆಂಡಿನ ಪ್ರಭು, ಕಣ್ಣು ಕಿರಿದು ಮಾಡಿ ನೋಡು ಎಂಬ ಅರ್ಥಗಳಿವೆ. ಅದರ ಅಕ್ಷರಗಳೇ ಬೇರೆ. ಮಕ್ಕಳು ಗಲಿಬಿಲಿಗೊಳ್ಳುವುದು ಸಹಜ.

ಅಷ್ಟರಲ್ಲಿ ಅಂಕಪಟ್ಟಿ ಕಚೇರಿಗೆ ಹೋಗಿಯಾಗಿತ್ತು. ತಿದ್ದುವುದಾದರೆ ಹೆಡ್‌ಮಾಸ್ತರರ ಸಹಿ ಬೇಕು. ಅರ್ಧ ಅಂಕಕ್ಕೆ ಇಷ್ಟು ಓಡಾಟವೇಕೆಂದು ಸ್ಟಾಫ್‌ರೂಮಿನಲ್ಲಿ ನಗೆಯೂ ಆಯಿತು. ಸಹಿ ಮಾಡಿಸಿಕೊಂಡು ಬಂದು, ತಪ್ಪು ನಮ್ಮದೆಂದು ತರಗತಿಯ ಮುಂದೆಯೇ ಹೇಳಿದೆವು. ಹುಡುಗ ತಲೆತಗ್ಗಿಸಿ ಪುಸ್ತಕ ನೋಡುತ್ತಿದ್ದ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದು, “ಹಾಗಾದರೆ ದಕ್ಕೆ ಅಂತ ಬರೆದವರ ಮಾರ್ಕು ಕಳೆಯುತ್ತೀರಾ, ಸಾರ್?” ಎಂದು ಕೇಳಿದ. ಅವರಿಗೆ ಹಾಗೆ ಹೇಳಿಕೊಟ್ಟವರು ನಾವೇ. ಕಳೆಯಲಿಲ್ಲ.