ನಕ್ಷೆ ಮೊದಲೋ, ಮನೆ ಮೊದಲೋ? ಮಾಹಿತಿ ವ್ಯವಸ್ಥೆ ಕಟ್ಟುವ ವಿಧಾನ ಬದಲಾದ ಬಗೆ

2013ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರದ ಆರೋಗ್ಯ ವಿಮಾ ತಾಣ ‘ಹೆಲ್ತ್‌ಕೇರ್ ಡಾಟ್ ಗವ್’ ಸಾರ್ವಜನಿಕರಿಗೆ ತೆರೆದುಕೊಂಡಿತು. ಲಕ್ಷಾಂತರ ಮಂದಿ ಮುಗಿಬಿದ್ದರು. ಮೊದಲ ದಿನ ವಿಮೆಯ ನೋಂದಣಿ ಪೂರೈಸಲು ಸಾಧ್ಯವಾದದ್ದು ಕೇವಲ ಆರು ಮಂದಿಗೆ! ಬೇರೆ ಬೇರೆ ಗುತ್ತಿಗೆದಾರರು ಸಿದ್ಧಪಡಿಸಿದ್ದ ಭಾಗಗಳನ್ನೆಲ್ಲ ಜೋಡಿಸಿ ಒಟ್ಟಾಗಿ ಪರೀಕ್ಷಿಸಿದ್ದು ಕೊನೆಯ ಎರಡು ವಾರಗಳಲ್ಲಿ ಎಂಬುದು ಅಲ್ಲಿನ ಸಂಸತ್ತಿನ ಸಮಿತಿಯ ವಿಚಾರಣೆಯಲ್ಲಿ ಬಯಲಾಯಿತು.

ದೋಷವಿದ್ದುದು ಕಟ್ಟುವ ಕ್ರಮದಲ್ಲಿ. ಮೊದಲು ಅಗತ್ಯಗಳ ಪಟ್ಟಿ, ನಂತರ ವಿನ್ಯಾಸ, ಆಮೇಲೆ ಪ್ರೋಗ್ರಾಂ, ಕಟ್ಟಕಡೆಗೆ ಪರೀಕ್ಷೆ. ಮೇಲಿನಿಂದ ಕೆಳಕ್ಕೆ ಧುಮುಕುವ ಈ ಕ್ರಮಕ್ಕೆ ‘ಜಲಪಾತ ವಿಧಾನ’ ಎಂದು ಹೆಸರು. ಇದರ ಮೂಲವೆಂದು ಎಲ್ಲರೂ ಬೊಟ್ಟು ಮಾಡುವುದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧದತ್ತ. ವಿಚಿತ್ರವೆಂದರೆ ಅದರಲ್ಲಿ ‘ಜಲಪಾತ’ ಎಂಬ ಪದವೇ ಇಲ್ಲ. ಪರೀಕ್ಷೆಯನ್ನು ಕೊನೆಗೆ ತಳ್ಳುವುದು ಅಪಾಯಕಾರಿ ಎಂದು ರಾಯ್ಸ್ ಅದರಲ್ಲೇ ಎಚ್ಚರಿಸಿದ್ದರು. ಚಿತ್ರವನ್ನು ಜಗತ್ತು ನಕಲು ಮಾಡಿಕೊಂಡಿತು, ಎಚ್ಚರಿಕೆಯನ್ನು ಬಿಟ್ಟಿತು.

ಕಟ್ಟುವ ಕ್ರಮದಷ್ಟೇ ಮುಖ್ಯವಾದುದು ಕಟ್ಟುವ ಮುನ್ನ ಬರೆಯುವ ನಕ್ಷೆ, ಅಂದರೆ ಮಾದರಿ. 1976ರಲ್ಲಿ ಪೀಟರ್ ಚೆನ್ ಮಂಡಿಸಿದ ‘ಘಟಕ-ಸಂಬಂಧ ಮಾದರಿ’ ಇಂದಿಗೂ ದತ್ತಾಂಶ ವಿನ್ಯಾಸದ ಮೊದಲ ಪಾಠ. ನಮ್ಮ ಪಹಣಿಯನ್ನೇ ತೆಗೆದುಕೊಳ್ಳಿ. ಜಮೀನು ಒಂದು ಘಟಕ, ರೈತ ಮತ್ತೊಂದು, ಇವೆರಡರ ನಡುವಿನ ಸಂಬಂಧ ಒಡೆತನ. ಒಂದು ಜಮೀನಿಗೆ ಒಬ್ಬನೇ ಮಾಲೀಕ ಎಂದು ನಕ್ಷೆ ಬರೆದವರು ಭಾವಿಸಿದರೆ, ಮೂವರು ಅಣ್ಣತಮ್ಮಂದಿರ ಜಂಟಿ ಖಾತೆಗೆ ಕಂಪ್ಯೂಟರಿನಲ್ಲಿ ಜಾಗವೇ ಇರದು. ಕಾಗದದ ಮೇಲೆ ಒಂದು ಗೆರೆಯ ತಪ್ಪು. ರೈತನಿಗೆ ಬ್ಯಾಂಕ್ ಸಾಲದ ಪ್ರಶ್ನೆ.

ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದಷ್ಟೇ ಆಗಿದ್ದರೆ ಇಲ್ಲಿ ಹೇಳುವ ಅಗತ್ಯವಿರಲಿಲ್ಲ. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಯೇ ಮೊದಲು ವಿಲೇವಾರಿಯಾಗಬೇಕೆಂಬ ನಿಯಮವನ್ನೂ ಅದು ತಂತ್ರಾಂಶದೊಳಗೇ ಅಳವಡಿಸಿತು. ಹಳೆಯ ಕಚೇರಿ ಪದ್ಧತಿಯ ಯಥಾವತ್ ನಕಲಿಗಿಂತ ಇದು ಒಂದು ಹೆಜ್ಜೆ ಮುಂದೆ.

1997ರಲ್ಲಿ ‘ಯುಎಂಎಲ್’ ಎಂಬ ಏಕರೂಪದ ಚಿತ್ರಭಾಷೆ ಮಾನ್ಯತೆ ಪಡೆಯಿತು. ಚಿತ್ರಗಳು ಹೆಚ್ಚಿದವು, ಕಡತಗಳು ದಪ್ಪವಾದವು. ಇದಕ್ಕೆ ಪ್ರತಿಕ್ರಿಯೆ ಎಂಬಂತೆ 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ತಂತ್ರಜ್ಞರು ‘ಅಜೈಲ್’ ಪ್ರಣಾಳಿಕೆ ಹೊರಡಿಸಿದರು. ದಪ್ಪ ದಾಖಲೆಗಿಂತ ಕೆಲಸ ಮಾಡುವ ತಂತ್ರಾಂಶ ಮೇಲು, ಬದಲಾವಣೆಗೆ ಹೆದರಬೇಕಿಲ್ಲ ಎಂಬುದು ಅದರ ತಿರುಳು. ಸಣ್ಣ ತುಂಡನ್ನು ಕಟ್ಟಿ, ಬಳಕೆದಾರನಿಗೆ ತೋರಿಸಿ, ತಿದ್ದಿ ಮುಂದುವರಿಯುವುದು. ಆದರೆ ‘ಅಜೈಲ್’ ಹೆಸರಿನಲ್ಲಿ ನಕ್ಷೆಯನ್ನೇ ಬರೆಯದ ತಂಡಗಳೂ ಹುಟ್ಟಿಕೊಂಡವು ಎಂಬುದು ಬೇರೆ ಮಾತು. ಜಂಟಿ ಖಾತೆಯ ಸಂಗತಿ ತಿಳಿಯಲು ರೈತನನ್ನೋ ಗ್ರಾಮಲೆಕ್ಕಿಗನನ್ನೋ ಮೊದಲೇ ಕೇಳಲೇಬೇಕು.

ಅಮೆರಿಕದ ಆ ತಾಣವನ್ನು ದುರಸ್ತಿಗೊಳಿಸಲು ಹೊರಗಿನಿಂದ ತಜ್ಞರ ಸಣ್ಣ ತಂಡವನ್ನು ಕರೆಸಲಾಯಿತು. ಆ ತಂಡ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಎಲ್ಲ ಗುತ್ತಿಗೆದಾರರನ್ನೂ ಪ್ರತಿದಿನ ಒಂದೇ ಸಭೆಗೆ ಕೂಡಿಸಿದ್ದು. ಡಿಸೆಂಬರ್ ವೇಳೆಗೆ ತಾಣ ಚೇತರಿಸಿಕೊಂಡಿತ್ತು.